ಡಿಸ್ಕಿನ ಪಾಳಿ, ಗೌರವ್ವನ ಮನೆ

ಕಳೆದ ಡಿಸೆಂಬರಿನ ಮೊದಲ ಸೋಮವಾರ ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷಕ್ಕೆ ಚಿಕ್ಕೋಡಿಯ ನಮ್ಮ ಪತ್ರಿಕಾ ಕಚೇರಿಯಲ್ಲಿ ಫೋಟೋಗಳನ್ನು ಇಟ್ಟುಕೊಂಡಿರುವ ಸರ್ವರು ನಿಂತುಹೋಯಿತು.

ಈ ವಾಕ್ಯವನ್ನು ಅಂದಿನ ನನ್ನ ಡೈರಿಯಿಂದ ಇದ್ದ ಹಾಗೆಯೇ ಎತ್ತಿಕೊಂಡಿದ್ದೇನೆ. ಇದರಲ್ಲಿ ದಿನ ಸರಿ, ವೇಳೆ ಸರಿ, ಊರು ಸರಿ. ಸುದ್ದಿ ಮಾತ್ರ ತಪ್ಪು. ಸರ್ವರು ನಿಂತಿರಲಿಲ್ಲ. ಆ ಹೊತ್ತಿಗೆ ನಮ್ಮ ಕಚೇರಿಯಲ್ಲಿ ನೂರಕ್ಕೆ ನೂರರಷ್ಟು ಕೆಲಸ ಮಾಡುತ್ತಿದ್ದದ್ದು ಅದೊಂದೇ. ಉಳಿದ ನಾವೆಲ್ಲ ಚಹಾದ ದಾರಿ ಕಾಯುತ್ತಿದ್ದೆವು.

ವೇಳೆ ಬರೆದುಕೊಳ್ಳುವುದು ನನ್ನ ಚಟ. ಸುದ್ದಿಮನೆಯ ಮೇಜಿನ ಮುಂದೆ ಇಪ್ಪತ್ತಾರು ವರ್ಷ ಕೂತವನಿಗೆ ಬೇರೆ ಚಟಗಳಿಗೆ ಬಿಡುವಾಗುವುದಿಲ್ಲ. ಒಲೆಯ ಮೇಲೆ ಹಾಲು ಉಕ್ಕಿದರೆ ನಾನು ಮೊದಲು ಗಡಿಯಾರ ನೋಡಿ ಆಮೇಲೆ ಒಲೆ ಆರಿಸುತ್ತೇನೆ ಎಂದು ನನ್ನ ಹೆಂಡತಿ ಬಂದವರೆದುರು ಹೇಳುತ್ತಾಳೆ. ಆರೋಪದಲ್ಲಿ ಹುರುಳಿದೆ. ನಡೆದದ್ದನ್ನು ನಿಲ್ಲಿಸುವುದಕ್ಕಿಂತ ನಡೆದದ್ದು ಎಷ್ಟು ಗಂಟೆಗೆ ಎಂದು ಗೊತ್ತಿರುವುದು ಮುಖ್ಯ ಎಂಬ ನಂಬಿಕೆಯ ಮೇಲೆ ನಮ್ಮ ಕಸುಬು ನಿಂತಿದೆ. ಅಂದಿನ ಅವಾಂತರಕ್ಕೂ ಈ ನಂಬಿಕೆಗೂ ನೇರ ಸಂಬಂಧವಿತ್ತು. ಅದು ನನಗೆ ತಿಳಿದದ್ದು ಹನ್ನೊಂದೂ ಮುಕ್ಕಾಲಿಗೆ.

ಸರ್ವರೆಂದರೆ ಅಂಥ ದೊಡ್ಡ ಯಂತ್ರವೇನಲ್ಲ. ಹಿಂದೆ ಸೀಸದ ಅಕ್ಷರಗಳ ಪೆಟ್ಟಿಗೆ ಇಡುತ್ತಿದ್ದ ಕೋಣೆಯಲ್ಲಿ ಒಂದು ಕರಿಯ ಡಬ್ಬ. ಅದರಲ್ಲಿ ಹನ್ನೆರಡು ಡಿಸ್ಕುಗಳು, ಅವನ್ನು ಆಳಲು ಲಿನಕ್ಸ್ ಎಂಬ ತಂತ್ರಾಂಶ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳಿಂದ ನಮ್ಮ ವರದಿಗಾರರು ಕಳಿಸುವ ಫೋಟೋಗಳೆಲ್ಲ ಅಲ್ಲಿಗೇ ಬಂದು ಬೀಳುತ್ತವೆ. ಹತ್ತರಲ್ಲಿ ಒಂಬತ್ತರಲ್ಲಿ ಯಾರೋ ಯಾರಿಗೋ ಹಾರ ಹಾಕುತ್ತಿರುತ್ತಾರೆ. ಹತ್ತನೆಯದರಲ್ಲಿ ಕಬ್ಬಿಗೆ ಬೆಂಕಿ ಬಿದ್ದಿರುತ್ತದೆ.

ಆ ಬೆಳಿಗ್ಗೆ ಫೋಟೋ ಫೋಲ್ಡರು ತೆರೆಯಲು ಹೋದರೆ ಪರದೆಯ ಮೇಲೆ ಉಂಗುರ ತಿರುಗುತ್ತಾ ಉಳಿಯಿತು. ಇಂಥ ಹೊತ್ತಿನಲ್ಲಿ ಮನುಷ್ಯ ಮಾಡುವುದು ಒಂದೇ, ಅದನ್ನೇ ಇನ್ನೊಮ್ಮೆ ಒತ್ತುವುದು. ಲಿಫ್ಟಿನ ಗುಂಡಿಯನ್ನು ಎರಡನೆಯ ಸಲ ಒತ್ತಿದರೆ ಅದು ಬೇಗ ಬರುವುದಿಲ್ಲ ಎಂದು ತಿಳಿದವನೂ ಮೂರನೆಯ ಸಲ ಒತ್ತುತ್ತಾನೆ. ನಾವು ಆರು ಜನ ಆರು ಮೇಜಿನಿಂದ ಒತ್ತಿದೆವು. ಆಗ ರಾಯಬಾಗದ ನಮ್ಮ ವರದಿಗಾರ ಮಹಾದೇವನ ಫೋನು ಬಂತು.

"ಬಂತೇನ್ರಿ ಫೋಟೋ?"

"ಇಲ್ಲ."

"ಮತ್ತ ಕಳಸ್ತೇನ್ ತಗೋರಿ."

ಐದು ನಿಮಿಷ ಬಿಟ್ಟು ಮತ್ತೆ, "ಈಗ ಬಂತೇನ್ರಿ?" ಹೀಗೆ ಮಹಾದೇವ ಒಂದೇ ಉದ್ಘಾಟನೆಯನ್ನು ಏಳು ಸಲ ಕಳಿಸಿದ. ಪ್ರತಿ ಸಲ ಅವನು ಕೇಳಿದಾಗಲೂ ಬಂದಿದೆಯೋ ಇಲ್ಲವೋ ಎಂದು ನೋಡಲು ನಾವು ಫೋಲ್ಡರು ತೆರೆಯಲೇಬೇಕು. ಫೋಲ್ಡರು ತೆರೆದರೆ ಅದು ತನ್ನೊಳಗಿನ ಸಾವಿರಾರು ಚಿತ್ರಗಳ ಮುಖ ತೋರಿಸಲು ಹೊರಡುತ್ತದೆ. ಆ ಚಿತ್ರಗಳನ್ನೆಲ್ಲ ತಂದು ಕೊಡಬೇಕಾದದ್ದು ಆಗಲೇ ಕೆಲಸದ ಭಾರಕ್ಕೆ ಉಸಿರುಗಟ್ಟಿದ್ದ ಡಿಸ್ಕು. ಬಂತೇ ಎಂದು ವಿಚಾರಿಸುವುದೇ ಬರದಿರಲು ಕಾರಣವಾಗಿತ್ತು. ಅಂದು ಇದು ನಮಗೆ ಹೊಳೆಯಲಿಲ್ಲ. ವಿಚಾರಿಸುವುದಕ್ಕೇ ಸಂಬಳ ಪಡೆಯುವವರಿಗೆ ಹೊಳೆಯುವುದು ಕಷ್ಟ.

ಹತ್ತೂವರೆಗೆ ಗೌರವ್ವ ಬಂದಳು.

ಗೌರವ್ವ ಕೃಷ್ಣೆಯ ದಂಡೆಯ ಜುಗೂಳದವಳು. ನಾಲ್ಕು ಎಮ್ಮೆ, ಒಂದಿಷ್ಟು ಕುರಿ ಇರುವ ಮನೆತನ. ವಯಸ್ಸು ಐವತ್ತರ ಆಸುಪಾಸು. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಚೀಲದಲ್ಲಿ ನಮ್ಮ ಪತ್ರಿಕೆಯ ಹಳೆಯ ಕತ್ತರಿಕೆ. ನನ್ನ ಮೇಜಿನ ಮುಂದಿನ ಕುರ್ಚಿಯಲ್ಲಿ ಕೂತವಳೇ ಅದನ್ನು ಬಿಡಿಸಿಟ್ಟಳು.

"ಸಾಹೇಬ್ರ, ನಿಮ್ಮ ಪೇಪರ್ ಓದಿ ನನ್ನ ಮನಿ ಶೆಡ್ ಆಗೇತ್ರಿ."

ಅದು ದೊಡ್ಡ ಮಹಾಪೂರ ಬಂದ ವರ್ಷದ ಫೋಟೋ. ಸುತ್ತ ನೀರು, ನಡುವೆ ಒಂದು ಕಿಟಕಿ, ಕಿಟಕಿಯಿಂದ ಒಬ್ಬ ಹೆಂಗಸು ದೋಣಿಯಲ್ಲಿದ್ದವರ ಕೈಗೆ ಕೋಳಿಗಳನ್ನು ದಾಟಿಸುತ್ತಿದ್ದಾಳೆ. ಕೆಳಗೆ ಒಂದು ಸಾಲು: "ಜುಗೂಳದಲ್ಲಿ ಜಲಾವೃತವಾದ ಶೆಡ್ಡಿನಿಂದ ಕೋಳಿಗಳ ರಕ್ಷಣೆ." ಆ ಸಾಲು ನನ್ನದು. ಮಹಾಪೂರದಲ್ಲಿ ಗೌರವ್ವನ ಮನೆ ಬಿತ್ತು. ಮನೆ ಕಳೆದುಕೊಂಡವರಿಗೆ ಎತ್ತರದ ಜಾಗದಲ್ಲಿ ನಿವೇಶನ ಕೊಡಲು ಯಾದಿ ಮಾಡುವಾಗ ಅದರಲ್ಲಿ ಅವಳ ಹೆಸರಿರಲಿಲ್ಲ. ಬಿದ್ದದ್ದು ದನದ ಶೆಡ್ಡು, ವಾಸದ ಮನೆಯಲ್ಲ ಎಂದು ಫೈಲಿನಲ್ಲಿತ್ತು. ಆಧಾರವೇನೆಂದು ಅವಳು ಕೇಳಿದರೆ ಫೈಲಿನಿಂದ ನಮ್ಮ ಪತ್ರಿಕೆ ಹೊರಬಂತು. ಕರ ಕಟ್ಟಿದ ಪಾವತಿಗಳು ಟ್ರಂಕಿನ ಸಮೇತ ನದಿಗೆ ಹೋಗಿದ್ದವು. ಪಂಚಾಯಿತಿಯ ಆ ಕಾಲದ ಪುಸ್ತಕಕ್ಕೂ ನೀರು ಹೊಕ್ಕಿತ್ತು. ಉಳಿದ ಲಿಖಿತ ದಾಖಲೆ ನಾನು ಬರೆದ ಒಂದು ಸಾಲು.

"ಕೋಳಿ ಕಂಡ್ವು ನಿಮಗ. ಅವನ್ನ ಹಿಡಕೊಂಡ್ ನಿಂತಾಕಿ ಕಾಣಲಿಲ್ಲೇನ್ರಿ?" ಎಂದಳು.

ಮನೆಯನ್ನು ಶೆಡ್ಡು ಎಂದು ಏಕೆ ಬರೆದೆ ಎಂಬುದಕ್ಕೆ ನನ್ನ ಬಳಿ ಉತ್ತರವಿತ್ತು, ಆದರೆ ಅದು ಹೊರಗಿನವರಿಗೆ ಹೇಳುವಂಥದಲ್ಲ. ಅಂದಿನ ತಲೆಬರಹದಲ್ಲಿ 'ಮನೆಮನೆಗೆ ನುಗ್ಗಿದ ಕೃಷ್ಣೆ' ಎಂದಿತ್ತು. ತಲೆಬರಹದಲ್ಲಿ ಬಂದ ಶಬ್ದ ಚಿತ್ರದ ಕೆಳಗಿನ ಸಾಲಿನಲ್ಲಿ ಮತ್ತೆ ಬರಬಾರದು ಎಂಬುದು ನಮ್ಮ ಮೇಜಿನ ಶಿಸ್ತು. ಹೊಸಬರಿಗೆ ಮೊದಲ ದಿನವೇ ನಾನು ಕಲಿಸುವ ಪಾಠ ಅದು. ಆ ಶಿಸ್ತಿಗೆ ಒಂದು ಮನೆ ಹೋಗಿತ್ತು. ಜೊತೆಗೆ ಫೋಟೋವನ್ನು ಎರಡು ಕಾಲಮ್ಮಿಗೆ ಇಳಿಸಲು ಎಡಗಡೆ ಕತ್ತರಿಸಿದ್ದೆ. ಎಡಗಡೆಯೇ ಬಾಗಿಲು ಇತ್ತು, ಬಾಗಿಲ ಚೌಕಟ್ಟಿಗೆ ಹೊಡೆದ ಮನೆ ನಂಬರಿನ ತಗಡು ಇತ್ತು ಎಂದು ಗೌರವ್ವ ಹೇಳಿದಳು. ಕತ್ತರಿಸದ ಫೋಟೋ ಬೇಕು, ಅದರ ಮೇಲೆ ಪತ್ರಿಕೆಯ ಮೊಹರು ಬೇಕು. ವಿಚಾರಣೆ ಅಂದೇ ಮಧ್ಯಾಹ್ನ ಮೂರಕ್ಕೆ. ಅದು ಕೊನೆಯ ವಾಯಿದೆ. ಕಾಗವಾಡದ ಕಡೆ ಹೋಗುವ ಒಂದರ ಬಸ್ಸು ಹಿಡಿದರೆ ಮುಟ್ಟಬಹುದು. (ವಿಚಾರಣೆಯ ಕಚೇರಿ ಯಾವುದು ಎಂಬುದು ಇಲ್ಲಿ ಅಗತ್ಯವಿಲ್ಲ. ತಪ್ಪು ಮೊದಲು ನಮ್ಮದು.)

ಫೋಟೋ ತೆಗೆದವನ ಮೊಬೈಲು ಅದೇ ನೀರಿನಲ್ಲಿ ಹೋಗಿತ್ತು. ಮೂಲ ಚಿತ್ರ ಇದ್ದದ್ದು ಒಂದೇ ಕಡೆ, ಆ ಕರಿಯ ಡಬ್ಬದಲ್ಲಿ.

ಹನ್ನೊಂದಕ್ಕೆ ಸುಜಾತಾ ಬಂದಳು. ಸುಜಾತಾ ನಿಪ್ಪಾಣಿ ತಾಲ್ಲೂಕಿನ ಅಕ್ಕೋಳದವಳು. ನಮ್ಮ ಕಚೇರಿಯ ಕಂಪ್ಯೂಟರುಗಳನ್ನೆಲ್ಲ ನೋಡಿಕೊಳ್ಳುತ್ತಾಳೆ. ಮಾತು ಕಡಿಮೆ. ಅಷ್ಟರಲ್ಲಿ ನಾವು ಸರ್ವರನ್ನು ಎರಡು ಸಲ ಆರಿಸಿ ಹೊತ್ತಿಸಿದ್ದೆವು. ಪ್ರತಿ ಸಲವೂ ಹತ್ತು ನಿಮಿಷ ಸರಿಯಿದ್ದು ಮತ್ತೆ ಹಾಗೇ ಆಗಿತ್ತು. ಡಿಸ್ಕು ಸತ್ತಿದೆ ಎಂದು ನಾನು ತೀರ್ಮಾನಿಸಿದ್ದೆ. ಅದರ ಬದಲಿಗೆ ಹೊಸದು ತರಿಸುವ ಪತ್ರವನ್ನೂ ಅರ್ಧ ಬರೆದಿದ್ದೆ.

ಸುಜಾತಾ ಕರಿಯ ಪರದೆಯ ಮೇಲೆ ಏನೋ ಬರೆದಳು. ಅಂಕಿಗಳ ಸಾಲು ಕೆಳಗಿಳಿಯತೊಡಗಿತು. ಪ್ರತಿ ಡಿಸ್ಕಿನ ಮುಂದೆ ಎಷ್ಟು ಕೆಲಸ ಕಾದಿದೆ, ಒಂದೊಂದು ಕೆಲಸ ಎಷ್ಟು ಹೊತ್ತು ಕಾಯುತ್ತಿದೆ ಎಂದು ಕ್ಷಣಕ್ಷಣಕ್ಕೂ ತೋರಿಸುವ ಸಾಲು.

"ಡಿಸ್ಕ್ ಸತ್ತಿಲ್ಲ ಸರ್. ಒಂದೂ ಕೆಟ್ಟಿಲ್ಲ. ಉಸಿರ ಕಟ್ಟೈತಿ."

ಹಿಂದೆ ನಿಂತು ನೋಡುತ್ತಿದ್ದ ಗೌರವ್ವ ಕೇಳಿದಳು: "ಎಮ್ಮಿ ಹೊಟ್ಟಿ ಉಬ್ಬಿದಂಗೇನ ತಂಗಿ?"

"ಹಂಗ ಅನ್ರಿ ಮಾವಶಿ."

"ಹಂಗಾರ ಮೊದಲ ಮೇವ್ ಹಾಕೂದ್ ಬಂದ್ ಮಾಡ್ರಿ."

ಅಂದು ಬೆಳಗಿನಿಂದ ಆ ಕಚೇರಿಯಲ್ಲಿ ಯಾರಾದರೂ ಆಡಿದ ಮೊದಲ ತಾಂತ್ರಿಕ ಸಲಹೆ ಅದು ಎಂದು ಈಗ ಅನ್ನಿಸುತ್ತದೆ. ಅಂದು ನಾನು ಅದನ್ನು ಬರೆದುಕೊಳ್ಳಲಿಲ್ಲ.

ಡಿಸ್ಕಿನ ಸಮಸ್ಯೆಯನ್ನು ಸುಜಾತಾ ನನಗೆ ತಿಳಿಸಿದ್ದು ಅಕ್ಕೋಳದ ಗಿರಣಿಯ ಮೂಲಕ. ಅವಳ ಅಪ್ಪನದು ಹಿಟ್ಟಿನ ಗಿರಣಿ. ನಮ್ಮ ಕಡೆಯ ಗಿರಣಿಗಳಲ್ಲಿ ಮನುಷ್ಯರು ಪಾಳಿಗೆ, ಅಂದರೆ ಸರದಿಯ ಸಾಲಿಗೆ, ನಿಲ್ಲುವುದಿಲ್ಲ, ಡಬ್ಬಿಗಳು ನಿಲ್ಲುತ್ತವೆ. ಜೋಳದ ಡಬ್ಬಿ ಇಟ್ಟು ಒಡತಿ ಮನೆಗೆ ಹೋಗುತ್ತಾಳೆ. ಡಬ್ಬಿ ಅವಳ ಪರವಾಗಿ ಮುಂದೆ ಸರಿಯುತ್ತದೆ. ಇದು ಎಲ್ಲರೂ ಒಪ್ಪಿದ ಕಾಯಿದೆ. ಆದರೆ ಗಿರಣಿಯವನು ಬಂದ ಪಾಳಿಯಲ್ಲೇ ಬೀಸುವುದಿಲ್ಲ. ಜೋಳದ ನಡುವೆ ಗೋಧಿ ಬಂದರೆ ಕಲ್ಲು ಸರಿಹೊಂದಿಸಬೇಕು. ಆದ್ದರಿಂದ ಮುಂದಿರುವ ಡಬ್ಬಿಗಳಲ್ಲಿ ಜೋಳವನ್ನೆಲ್ಲ ಒಟ್ಟಿಗೆ ಬೀಸಿ, ಆಮೇಲೆ ಗೋಧಿಗೆ ಬರುತ್ತಾನೆ. ಡಿಸ್ಕೂ ಹೀಗೆಯೇ. ಒಂದು ಸಲಕ್ಕೆ ಮೂವತ್ತೆರಡು ಅಪ್ಪಣೆಗಳನ್ನು ಮಡಿಲಲ್ಲಿ ಹಾಕಿಕೊಂಡು, ತನ್ನ ಕೈಗೆ ಹತ್ತಿರವಿದ್ದದ್ದನ್ನು ಮೊದಲು ಮುಗಿಸುತ್ತದೆ. ಇದು ಜಾಣತನ. ಕೆಲಸ ಬೇಗ ಆಗುತ್ತದೆ.

ಆದರೆ ಜೋಳದ ಡಬ್ಬಿಗಳು ಬರುತ್ತಲೇ ಇದ್ದರೆ ಬೆಳಿಗ್ಗೆ ಎಂಟಕ್ಕೆ ಬಂದ ಗೋಧಿಯ ಡಬ್ಬಿ ಹನ್ನೊಂದಾದರೂ ಅಲ್ಲೇ ಇರುತ್ತದೆ. ಒಡತಿ ಬಂದು ನೋಡುತ್ತಾಳೆ. ಗಿರಣಿ ಕೆಟ್ಟಿದೆಯೇ ಎಂದು ಕೂಗಾಡಿ ಡಬ್ಬಿ ಎತ್ತಿಕೊಳ್ಳುತ್ತಾಳೆ. ಜಗಳ ಬಿಡಿಸಲು ಗಿರಣಿಯವನು ಯಂತ್ರ ನಿಲ್ಲಿಸುತ್ತಾನೆ. ನಿಲ್ಲಿಸಿದ ಮೇಲೆ ಎಲ್ಲ ಡಬ್ಬಿಗಳ ಪಾಳಿ ಮತ್ತೆ ಮೊದಲಿನಿಂದ. ಲಿನಕ್ಸಿನ ಸ್ವಭಾವವೂ ಆ ಒಡತಿಯದೇ. ಒಂದು ಅಪ್ಪಣೆಗೆ ಮೂವತ್ತು ಸೆಕೆಂಡು ಕಾಯುತ್ತದೆ. ಉತ್ತರ ಬರದಿದ್ದರೆ ಡಿಸ್ಕು ಕೆಟ್ಟಿತೆಂದು ತಿಳಿದು ಅಪ್ಪಣೆ ಹಿಂದೆ ಪಡೆದು, ಡಿಸ್ಕನ್ನು ತಟ್ಟಿ ಎಬ್ಬಿಸುತ್ತದೆ. ದುಡಿಯುತ್ತಿದ್ದವನನ್ನು ಮಲಗಿದ್ದಾನೆಂದು ತಿಳಿದು ಎಬ್ಬಿಸಿದರೆ ಏನಾಗುತ್ತದೆ? ಮಡಿಲಲ್ಲಿದ್ದ ಮೂವತ್ತೆರಡೂ ಕೆಳಗೆ ಬೀಳುತ್ತವೆ. ಬೆಳಗಿನಿಂದ ಹೀಗೆ ಎಷ್ಟೋ ಸಲ ಆಗಿರುವುದು ಯಂತ್ರದ ದಿನಚರಿಯಲ್ಲಿ ಸಾಲಾಗಿ ದಾಖಲಾಗಿತ್ತು. ಯಂತ್ರವೂ ವೇಳೆ ಬರೆದುಕೊಳ್ಳುತ್ತದೆ ಎಂದು ನೋಡಿ ಅದರ ಬಗ್ಗೆ ನನಗೆ ಗೌರವ ಹುಟ್ಟಿತು.

"ನಿಮ್ಮ ಅಪ್ಪಾ ಏನ್ ಮಾಡ್ತಾರ ಹಂತಾ ಹೊತ್ತಿನ್ಯಾಗ?" ಎಂದು ಕೇಳಿದೆ.

"ನೆಲದ ಮ್ಯಾಲೆ ಸುಣ್ಣದ ಗೆರಿ ಹೊಡದಾರ್ರಿ. ಗೆರಿ ಒಳಗ ಎಂಟ ಡಬ್ಬಿ. ಅವು ಮುಗದ ಹೊರತು ಒಂಬತ್ತನೇದ್ದು ಒಳಗ ಬರಂಗಿಲ್ಲ. ಮೊದಮೊದಲ ಊರ ಮಂದಿ ಬೈದ್ರು. ಆದ್ರ ಒಳಗ ಕಡಿಮಿ ಬಿಟ್ರ ಲಗೂ ಸಾಗತೈತ್ರಿ ಸರ್."

ಹೀಗೆ ಹೇಳಿ ಅವಳು ಮೂವತ್ತೆರಡನ್ನು ಎಂಟು ಮಾಡಿದಳು. ಒಂದು ಸಾಲು ಬರೆದಳು, ಅಷ್ಟೇ. ಕೆಲಸ ಬೇಗ ಆಗಲೆಂದು ಕೆಲಸ ಕಡಿಮೆ ಒಪ್ಪಿಕೊಳ್ಳುವ ಈ ವಿದ್ಯೆ ಸರ್ಕಾರಿ ನೌಕರರಿಗೆ ಮೊದಲೇ ಗೊತ್ತಿತ್ತು ಎಂದು ನಾನು ಹೇಳಬಹುದಿತ್ತು. ಆದರೆ ಅಲ್ಲಿ ಎರಡನೆಯ ಅರ್ಧ ಮಾತ್ರ ಕಂಡಿದ್ದೇನೆ.

ಡಿಸ್ಕಿನ ಮಡಿಲಿನಿಂದ ಅಪ್ಪಣೆಗಳು ಬೀಳುವುದು ನಿಂತಿತು. ಆದರೆ ಹೊರಗಿನ ಪಾಳಿ ಇಳಿಯಲಿಲ್ಲ. ಸುಜಾತಾ ಅಂಕಿಗಳನ್ನು ನೋಡುತ್ತ ಹೇಳಿದಳು: "ಯಾರೋ ಒಬ್ರು ಡಬ್ಬಿ ತಂದ್ ತಂದ್ ಇಡಾಕತ್ತಾರ." ಅದು ಮಹಾದೇವನೇ ಎಂದು ನಾನು ಫೋನು ಎತ್ತಿ ಅವನಿಗೆ ಏರುದನಿಯಲ್ಲಿ ಬೈದೆ. ಅವನು ನೊಂದುಕೊಂಡು ಫೋನಿಟ್ಟ. ಪಾಳಿ ಇಳಿಯಲಿಲ್ಲ. ಆಗ ಸುಜಾತಾ ಡಬ್ಬಿಗಳ ಮುಚ್ಚಳದ ಮೇಲಿನ ಹೆಸರು ಓದಿದಳು, ಅಂದರೆ ಯಾವ ಕೆಲಸ ಯಾರ ಹೆಸರಿನಲ್ಲಿ ಕಾದು ನಿಂತಿದೆ ಎಂಬ ಯಾದಿ ತೆಗೆದಳು. ಒಂದೇ ಕೆಲಸದ ಐವತ್ತೇಳು ಪ್ರತಿಗಳು. ಎಲ್ಲವೂ ಒಬ್ಬರ ಹೆಸರಿನಲ್ಲಿ.

"ನಿಮ್ಮ ಹೆಸರ ಐತ್ರಿ ಸರ್."

ವೇಳೆ ಹನ್ನೊಂದೂ ಮುಕ್ಕಾಲು.

ವಿಷಯ ಹೀಗಿತ್ತು. ವರ್ಷದ ಹಿಂದೆ ವರದಿಗಾರರು ಫೋಟೋ ತಡವಾಗಿ ಕಳಿಸಿ, ಹೊತ್ತಿಗೆ ಸರಿಯಾಗಿ ಕಳಿಸಿದ್ದೆ ಎಂದು ವಾದಿಸುತ್ತಿದ್ದರು. ಯಾವ ಫೋಟೋ ಎಷ್ಟು ಗಂಟೆಗೆ ಬಂತು ಎಂಬುದಕ್ಕೆ ದಾಖಲೆ ಇರಲಿ ಎಂದು ನಾನು ಒಂದು ರಿಜಿಸ್ಟರು ಮಾಡಿಸಿದ್ದೆ. ನಿಮಿಷಕ್ಕೊಮ್ಮೆ ಅದು ಸರ್ವರಿನ ಪ್ರತಿಯೊಂದು ಫೋಟೋವನ್ನೂ ಮುಟ್ಟಿ ನೋಡಿ ಹಾಜರಿ ಬರೆಯಬೇಕು. ದಿನಕ್ಕೊಮ್ಮೆ ಸಾಕಲ್ಲವೇ ಎಂದು ಮಾಡಿಕೊಟ್ಟವನು ಕೇಳಿದ್ದ. ನಿಮಿಷಕ್ಕೊಮ್ಮೆ ಎಂದು ನಾನೇ ಹಟ ಹಿಡಿದಿದ್ದೆ. ಮೊದಲು ಹಾಜರಿ ಹತ್ತು ಸೆಕೆಂಡಿನಲ್ಲಿ ಮುಗಿಯುತ್ತಿತ್ತು. ಕಳೆದ ದೀಪಾವಳಿಯಿಂದ ಹಳೆಯ ಪುಟಗಳನ್ನೆಲ್ಲ ಸ್ಕ್ಯಾನ್ ಮಾಡಿ ಅಲ್ಲೇ ತುಂಬಿಸುತ್ತ ಬಂದೆವು. ಆ ಸೋಮವಾರದ ಹೊತ್ತಿಗೆ ಹಾಜರಿಗೆ ಒಂದು ನಿಮಿಷ ಸಾಲದಾಯಿತು. ಮೊದಲನೆಯ ಹಾಜರಿ ಮುಗಿಯುವ ಮುನ್ನ ಎರಡನೆಯದು ಹೊರಟಿತು, ಎರಡೂ ಸೇರಿ ಮೂರನೆಯದನ್ನು ತಡಮಾಡಿದವು. ಪುಸ್ತಕ ಹಿಡಿದು ಬಂದ ಐವತ್ತೇಳು ಗುಮಾಸ್ತರು ಒಂದೇ ಬಾಗಿಲಲ್ಲಿ ನಿಂತು, ಒಳಗಿನವರೆಲ್ಲ ಕೆಲಸ ಮಾಡುತ್ತಿದ್ದಾರೆಯೇ ಎಂದು ಕೇಳುತ್ತಿದ್ದರು. ಮಹಾದೇವನಿಗೆ ಫೋನು ಮಾಡಿ ಕ್ಷಮೆ ಕೇಳಬೇಕೆಂದು ಡೈರಿಯಲ್ಲಿ ಬರೆದುಕೊಂಡೆ.

"ಹೊಸಾ ಹಾಜರಿ ತಡದು, ಇವನ್ನ ಕೊಲ್ಲಲೇನ್ರಿ?" ಎಂದಳು ಸುಜಾತಾ. ಒಪ್ಪಿದೆ. ಆದರೆ ಡಿಸ್ಕಿಗಾಗಿ ಕಾದು ನಿಂತ ಕೆಲಸಗಳನ್ನು ಕೊಂದರೂ ಕೂಡಲೇ ಸಾಯುವುದಿಲ್ಲವಂತೆ. ಕೈಯಲ್ಲಿ ಹಿಡಿದದ್ದನ್ನು ಮುಗಿಸಿದ ಮೇಲೆಯೇ ಪ್ರಾಣ ಬಿಡುತ್ತವೆ. ಅಲ್ಲಿಯವರೆಗೆ ಯಾರೂ ಏನನ್ನೂ ಮುಟ್ಟಬಾರದು, ಫೋಲ್ಡರು ತೆರೆಯಬಾರದು ಎಂದು ಅವಳು ಎಲ್ಲರಿಗೂ ಹೇಳಿದಳು.

ಸುದ್ದಿಮನೆಯಲ್ಲಿ ಕೈಕಟ್ಟಿ ಕೂರುವುದು ಎಷ್ಟು ಕಷ್ಟವೆಂದು ನನಗೆ ಅಂದು ತಿಳಿಯಿತು. ಒಬ್ಬರು ಎದ್ದು ಕಿಟಕಿ ನೋಡಿದರು. ಒಬ್ಬರು ಉಗುರು ಕಚ್ಚಿದರು. ಪಾಳಿ ಐವತ್ತರಿಂದ ನಲವತ್ತಕ್ಕೆ, ನಲವತ್ತರಿಂದ ಇಪ್ಪತ್ತೊಂದಕ್ಕೆ ಇಳಿಯಿತು. ಹನ್ನೆರಡೂ ಏಳಕ್ಕೆ ಅಂಕಿ ತಟ್ಟನೆ ಏರಿತು. ಸುಜಾತಾ ತಿರುಗಿ ನೋಡದೆ ಕೇಳಿದಳು: "ಯಾರ್ರಿ ಅದು, ಫೋಲ್ಡರ್ ತೆಗದವ್ರು?"

ನಾನು ಮೆಲ್ಲಗೆ ಮೌಸಿನಿಂದ ಕೈ ತೆಗೆದೆ.

ಇಷ್ಟು ಹೊತ್ತೂ ಒಂದು ಸಲವೂ "ಬಂತೇನ್ರಿ" ಎಂದು ಕೇಳದಿದ್ದವಳು ಗೌರವ್ವ ಒಬ್ಬಳೇ. ಚೀಲವನ್ನು ಮಡಿಲಲ್ಲಿಟ್ಟುಕೊಂಡು ಗೋಡೆಯ ಗಡಿಯಾರ ನೋಡುತ್ತಿದ್ದಳು. ಈಯುವ ಎಮ್ಮೆಯ ಮುಂದೆ ರಾತ್ರಿಯಿಡೀ ಕೂತು ಗೊತ್ತಿರುವವಳು ಎಂದುಕೊಂಡೆ.

ಹನ್ನೆರಡೂ ಇಪ್ಪತ್ತಕ್ಕೆ ಪಾಳಿ ಮೂರಕ್ಕೆ ಇಳಿಯಿತು. ಆದರೂ ಮಹಾಪೂರದ ವರ್ಷದ ಫೋಲ್ಡರು ತೆರೆಯಲು ಸುಜಾತಾ ಒಪ್ಪಲಿಲ್ಲ. ಅದರಲ್ಲಿ ಲೆಕ್ಕವಿಲ್ಲದಷ್ಟು ಚಿತ್ರಗಳಿದ್ದವು. "ಫೈಲಿನ ಹೆಸರ ಹೇಳ್ರಿ, ಒಂದ ತಗೀತೇನಿ." ಹೆಸರು ಎಲ್ಲಿಂದ ತರುವುದು? ಆಗ ನೆರವಿಗೆ ಬಂದದ್ದು ಆ ಅಪರಾಧಿ ರಿಜಿಸ್ಟರೇ. ಅದರ ಕೊನೆಯ ಪೂರ್ಣ ಹಾಜರಿಯಲ್ಲಿ ಎಲ್ಲ ಹೆಸರುಗಳೂ ಇದ್ದವು. ಊರು, ತಾರೀಖು, ಕ್ರಮಸಂಖ್ಯೆ ಬರೆದೇ ಫೋಟೋ ಇಡಬೇಕೆಂಬ ನಿಯಮವೂ ನನ್ನದೇ. ಜುಗೂಳ, ಆ ತಾರೀಖು: ಹದಿನೇಳು ಚಿತ್ರಗಳು. ಒಂದೊಂದಾಗಿ ತೆಗೆದೆವು. ಹನ್ನೊಂದನೆಯದು ಅದು.

ಕಿಟಕಿ, ಕೋಳಿ, ಹೆಂಗಸು. ನಾನು ಕತ್ತರಿಸಿ ಎಸೆದಿದ್ದ ಎಡಗಡೆಯಲ್ಲಿ ಒಂದು ಬಾಗಿಲು, ಅರ್ಧ ಬಾಗಿಲವರೆಗೆ ನೀರು, ಬಾಗಿಲ ಮೇಲೆ ಒಣಗಿದ ಮಾವಿನ ತೋರಣ, ಒಳಗೆ ಗೋಡೆಗೆ ತೂಗುಬಿಟ್ಟ ಕ್ಯಾಲೆಂಡರು. ಚೌಕಟ್ಟಿನ ಮೇಲೆ ತಗಡು. ದೊಡ್ಡದು ಮಾಡಿದರೆ ನಂಬರು ಓದಲು ಬರುತ್ತಿತ್ತು. ನಾವೆಲ್ಲ ನಂಬರು ನೋಡಿ ಗದ್ದಲ ಮಾಡಿದೆವು. ಗೌರವ್ವ ಪರದೆಗೆ ಮುಖ ಹತ್ತಿರ ತಂದು ಬೇರೇನೋ ನೋಡುತ್ತಿದ್ದಳು.

"ಈ ಕೆಂಪ ಕೋಳಿ ಆಮ್ಯಾಲೂ ಎರಡ ವರ್ಷ ಇತ್ ನೋಡ್ರಿ."

ಮುದ್ರಿಸಿದೆವು. ಮೊಹರು ಒತ್ತಿದೆವು. ಚಿತ್ರದ ಕೆಳಗೆ, ಇದು ಇಂಥ ದಿನ ತೆಗೆದದ್ದು, ಪ್ರಕಟವಾದ ಸಾಲಿನಲ್ಲಿದ್ದ 'ಶೆಡ್ಡು' ಎಂಬುದು ಪತ್ರಿಕೆಯ ತಪ್ಪು, ಚಿತ್ರದಲ್ಲಿರುವುದು ನಂಬರುಳ್ಳ ಮನೆ ಎಂದು ಬರೆದೆ. ಸುಜಾತಾ ಅದನ್ನು ಗೌರವ್ವನಿಗೆ ಓದಿ ಹೇಳಿದಳು.

"ಅವತ್ತ ಶೆಡ್ ಅಂತ ಬರದಾಂವ ಯಾರ್ರಿ?"

"ನಾನೇ ರೀ."

"ಹಂಗಾರ ಸಹಿ ದೊಡ್ಡದ್ ಮಾಡ್ರಿ."

ಮಾಡಿದೆ. ಬಸ್ಸಿಗೆ ಹದಿನೆಂಟು ನಿಮಿಷ ಉಳಿದಿತ್ತು. ಅವಳು ಹೊರಡುವಾಗ, ಆ ದಿನ ಹೊಸದಾಗಿ ಕಲಿತದ್ದನ್ನು ಹಂಚಿಕೊಳ್ಳುವ ಉತ್ಸಾಹದಲ್ಲಿ ನಾನೊಂದು ಬುದ್ಧಿವಾದ ಹೇಳಿದೆ: ಕಾಗದ ಕೊಟ್ಟು ಸುಮ್ಮನೆ ಕೂತುಕೊಳ್ಳಿ, ಪದೇ ಪದೇ ಕೇಳಬೇಡಿ, ಕೇಳಿದಷ್ಟೂ ಕೆಲಸ ತಡವಾಗುತ್ತದೆ. ಅವಳು ಬಾಗಿಲಲ್ಲಿ ನಿಂತು ನನ್ನನ್ನೂ ಆ ಕರಿಯ ಡಬ್ಬವನ್ನೂ ಒಮ್ಮೆ ನೋಡಿದಳು.

"ಮಶೀನಿಗೆ ಮರೆವ ಇಲ್ರಿ ಸಾಹೇಬ್ರ. ಕಚೇರಿಗೆ ಐತ್ರಿ."

ಮುಂದಿನದು ದಾಖಲೆಗಾಗಿ. ಮಹಾದೇವನ ಕ್ಷಮೆ ಕೇಳಿದೆ. ಅವನು ಏಳು ಸಲ ಕಳಿಸಿದ ಉದ್ಘಾಟನೆ ಮರುದಿನ ಒಂದನೆಯ ಪುಟದಲ್ಲೂ ಮೂರನೆಯ ಪುಟದಲ್ಲೂ ಬಂತು. ಬುಧವಾರ ಎರಡನೆಯ ಪುಟದ ಕೆಳಗೆ ಒಂದು ತಿದ್ದುಪಡಿ ಪ್ರಕಟವಾಯಿತು. ಎರಡು ಸಾಲು, 'ಮನೆ' ಎಂಬ ಶಬ್ದ ಮೂರು ಸಲ. ಹಾಜರಿಯ ರಿಜಿಸ್ಟರು ಈಗ ದಿನಕ್ಕೊಮ್ಮೆ, ನಸುಕಿನ ಐದಕ್ಕೆ ನಡೆಯುತ್ತದೆ. ಒಂದು ಮುಗಿಯದೆ ಇನ್ನೊಂದು ಹೊರಡದಂತೆ ಸುಜಾತಾ ಬಾಗಿಲಿಗೆ ಚಿಲಕ ಹಾಕಿದ್ದಾಳೆ. ಡಿಸ್ಕಿನ ಮಡಿಲಿನ ಅಳತೆ ಎಂಟೇ ಇದೆ. ಆ ಸೋಮವಾರ ವಿಚಾರಣೆಯ ಕಚೇರಿಯವರು ಗೌರವ್ವನ ಫೋಟೋವನ್ನು ತೆಗೆದುಕೊಂಡು ಫೈಲಿಗೆ ಸೇರಿಸಿದರು, ನೋಡುತ್ತೇವೆ ಎಂದರು. ಅಲ್ಲಿಂದೀಚೆಗೆ ಅವಳು ಹದಿನಾಲ್ಕು ಸಲ ಹೋಗಿ ಕೇಳಿದ್ದಾಳೆ.

ಕಳೆದ ಗುರುವಾರ ಆ ಕಚೇರಿಯ ಫಲಕಕ್ಕೆ ನಿವೇಶನದ ಹೊಸ ಯಾದಿ ಹಚ್ಚಿದ್ದಾರೆ. ಹೋಗಿ ನೋಡಿಬಂದೆ, ವೇಳೆ ಹನ್ನೊಂದೂ ಇಪ್ಪತ್ತು. ನಲವತ್ತೊಂದನೆಯ ಹೆಸರು ಗೌರವ್ವನದು. ಅದರ ಮುಂದೆ 'ಕಟ್ಟಡದ ವಿವರ' ಎಂಬ ಕಾಲಮ್ಮಿನಲ್ಲಿ 'ಮನೆ' ಎಂದಿದೆ.